ಆರು ಕ್ಯಾಚು

"ಆರನೇದ್ದು ಉಂಟಲ್ಲ ಮೇಡಂ, ಅದು ಕ್ಯಾಚಲ್ಲ, ಕರಾಮತ್ತು!"

ಪಕೀರಬ್ಬ ಚಹಾದ ಟ್ರೇಯನ್ನು ಫೈಲುಗಳ ಮೇಲೆಯೇ ಇಟ್ಟುಬಿಟ್ಟರು. ಎರಡೂ ಕೈ ಖಾಲಿಯಿಲ್ಲದೆ ಆರನೆಯ ಕ್ಯಾಚಿನ ಕಥೆ ಹೇಳಲು ಅವರಿಗೆ ಬರುತ್ತಿರಲಿಲ್ಲ. "ಚೆಂಡು ಆಕಾಶದಲ್ಲಿ. ಬಿಸಿಲು ನೆಟ್ಟಗೆ ಕಣ್ಣಿಗೆ. ನಮ್ಮ ಅಜ್ಜ ಬರಿಗಾಲಲ್ಲಿ ಓಡುದು, ಓಡುದು, ಓಡುದು... ಗೆರೆಯ ಹತ್ರ ಕೈ ಹೀಗೆ ಚಾಚಿದ್ರು. ಬಂದು ಕೂತಿತು ನೋಡಿ, ಗೂಡಿಗೆ ಹಕ್ಕಿ ಬಂದ ಹಾಗೆ."

ಅರವತ್ತಾರು ವರ್ಷದ ಮನುಷ್ಯ, ಪ್ರಿಂಟರಿನ ಪಕ್ಕ ಎರಡು ಹೆಜ್ಜೆ ಓಡಿ ಬೊಗಸೆಯೊಡ್ಡಿ ನಿಂತರು. ಪಕ್ಕದ ಮೇಜಿನ ಚಿರಾಗ್ ಕಂಪ್ಯೂಟರಿನಿಂದ ತಲೆಯೆತ್ತದೆ, "ಅಬ್ಬಾ, ಹೋದ ತಿಂಗಳು ಐದೇ ಇತ್ತಲ್ಲ? ವರ್ಲ್ಡ್ ಕಪ್ ಶುರುವಾಗೋ ಹೊತ್ತಿಗೆ ಹತ್ತಾಗುತ್ತೆ ಬಿಡಿ," ಎಂದ.

"ನಿನ್ನ ಚಹಾಕ್ಕೆ ಸಕ್ಕರೆ ಹಾಕ್ಲಿಲ್ಲ ನಾನು. ಕುಡಿ ಈಗ."

ಆಫೀಸಿನಲ್ಲಿ ಈ ಕಥೆ ಕೇಳದವರಿರಲಿಲ್ಲ, ನಂಬಿದವರೂ ಇರಲಿಲ್ಲ. ಹೇಮಲತಾ ಕೂಡ ಇಪ್ಪತ್ತೆರಡು ವರ್ಷದಿಂದ ಕೇಳಿ ನಕ್ಕವಳೇ. ಆದರೆ ಆ ದಿನ ಅವಳಿಗೆ ನಗು ಬರಲಿಲ್ಲ. ಅವಳ ಮೇಜಿನ ಮೇಲೆ, ಗೆದ್ದಲು ಮೂಲೆ ತಿಂದಿದ್ದ ಒಂದು ಸ್ಕೋರು ಪುಸ್ತಕ ತೆರೆದುಕೊಂಡಿತ್ತು.

ಆ ಪುಸ್ತಕ ಬಂದದ್ದು ಮಾಲೀಕರಾದ ಆನ್ಸೆಲ್ಮ್ ಅವರ ಮನೆಯ ತಗಡಿನ ಪೆಟ್ಟಿಗೆಯಿಂದ. ಹಡಗುಗಳಿಗೆ ದಿನಸಿ, ಹಗ್ಗ, ಬಣ್ಣ ಒದಗಿಸುವ ಕಂಪನಿ ಅವರದು. ದೋಹಾದ ಹಮದ್ ಬಂದರಿನ ದಾರಿಯಲ್ಲಿ ಗೋದಾಮು, ಗೋದಾಮಿನ ಮೇಲೆ ಆಫೀಸು. ಆನ್ಸೆಲ್ಮರ ಅಜ್ಜ ಥಿಯೋಡೋರ್ ಮಂಗಳೂರಿನವರು. 1922ರಲ್ಲಿ ಬಸ್ರಾದಲ್ಲಿ ಒಂದು ಅಂಗಡಿ ತೆರೆದಿದ್ದರು. ಮಗನ ಕಾಲಕ್ಕೆ ಅದು ಬಹರೇನಿಗೆ ಬಂತು, ಆಮೇಲೆ ದೋಹಾಕ್ಕೆ. ಈಗ ಅದಕ್ಕೆ ನೂರು ವರ್ಷ. ನವೆಂಬರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನೋಡಲು ಬರುವ ಹಡಗು ಕಂಪನಿಯ ದೊಡ್ಡವರನ್ನು ಆಫೀಸಿಗೂ ಕರೆದು, ಸ್ವಾಗತ ಕೋಣೆಯ ಒಂದು ಇಡೀ ಗೋಡೆಯ ಮೇಲೆ ಅಜ್ಜನ ಜೀವನವನ್ನು ತೋರಿಸಬೇಕೆಂಬುದು ಆನ್ಸೆಲ್ಮರ ಆಸೆ.

"ಮೂರು ಭಾಗ ಮಾಡಿ ಹೇಮಲತಾ," ಎಂದಿದ್ದರು. "ಕ್ರಿಕೆಟಿಗ, ಸೈನಿಕ, ವ್ಯಾಪಾರಿ. ನೀವು ಮೈಸೂರಲ್ಲಿ ಹಿಸ್ಟರಿ ಎಂ.ಎ. ಮಾಡಿದವರು. ನಿಮಗಲ್ಲದೆ ಬೇರೆ ಯಾರಿಗೆ ಕೊಡುದು ನಾನು?"

ಇಪ್ಪತ್ತೆರಡು ವರ್ಷ ಕೊಟೇಶನ್ನುಗಳನ್ನೇ ಟೈಪು ಮಾಡಿದ ಹೇಮಲತಾ ಆ ಮಾತಿಗೆ ಹುಡುಗಿಯ ಹಾಗೆ ಹಿಗ್ಗಿದ್ದಳು. ತಾನು ಹಿಸ್ಟರಿ ಓದಿದ್ದು ಇಲ್ಲಿ ಯಾರಿಗಾದರೂ ನೆನಪಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಸ್ಕೋರು ಪುಸ್ತಕದ ಆ ಪುಟ 1912ರ ಜನವರಿಯದು. ಮಂಗಳೂರಿನ ಮೈದಾನ, ಎದುರಿಗೆ ಘಟ್ಟದ ಮೇಲಿನ ಕಾಫಿ ತೋಟಗಳ ಬಿಳಿಯ ದೊರೆಗಳ ತಂಡ. ಥಿಯೋಡೋರ್ ಒಬ್ಬರೇ ಒಂಬತ್ತು ವಿಕೆಟ್ ಕಿತ್ತಿದ್ದರು. ಆನ್ಸೆಲ್ಮರ ಮನೆಯಲ್ಲಿ ಬೆಳ್ಳಿ ತಟ್ಟೆಯ ಮೇಲೆ ಕೆತ್ತಿಸಿಟ್ಟಿದ್ದ ಪಂದ್ಯ ಅದೇ. ಆದರೆ ಪುಟದಲ್ಲಿ ಇನ್ನೊಂದು ವಿಷಯವಿತ್ತು. ಒಂಬತ್ತರಲ್ಲಿ ಮೂರು ಬೌಲ್ಡ್. ಉಳಿದ ಆರೂ ಕ್ಯಾಚು. ಆರರ ಮುಂದೆಯೂ ಒಂದೇ ಬರಹ: ಸಬ್.

"ಚಿರಾಗ್, ಹೀಗಂದ್ರೇನಪ್ಪ?"

ಚಿರಾಗ್ ಕುರ್ಚಿ ಉರುಳಿಸಿಕೊಂಡು ಬಂದ. "ಬದಲಿ ಆಟಗಾರ ಮ್ಯಾಮ್. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಬದಲಿಗೆ ಒಬ್ಬನ್ನ ಫೀಲ್ಡಿಂಗ್‌ಗೆ ನಿಲ್ಲಿಸ್ತಾರಲ್ಲ, ಅವನು. ಬ್ಯಾಟಿಂಗ್ ಮಾಡೋ ಹಾಗಿಲ್ಲ, ಬೌಲಿಂಗ್ ಮಾಡೋ ಹಾಗಿಲ್ಲ. ಕ್ಯಾಚ್ ಹಿಡಿದ್ರೂ ಹೆಸರು ಬರೀತಿರಲಿಲ್ಲ ಆಗೆಲ್ಲ. ಬರೀ ಸಬ್ ಅಂತ." ಆಮೇಲೆ ಪುಟದ ಮೇಲೆ ಬೆರಳಿಟ್ಟು ಎಣಿಸಿದ. ಎಣಿಸಿ ಮುಗಿಸಿ ಪಕೀರಬ್ಬನ ಕಡೆ ನೋಡಿದ. "ಆರು," ಎಂದ, ಮೆಲ್ಲಗೆ.

"ನಾನು ಎಂತ ಹೇಳಿದ್ದು?" ಎಂದರು ಪಕೀರಬ್ಬ.

ಪೆಟ್ಟಿಗೆಯಲ್ಲಿ ಥಿಯೋಡೋರರ ದಿನಚರಿಯೂ ಇತ್ತು. ಹೇಮಲತಾ ಅದನ್ನು ಎರಡು ದಿನ ಓದಿದಳು. ಪಂದ್ಯದ ದಿನದ ಪುಟ ಸಿಕ್ಕಿದಾಗ ತಾನೇ ಎದ್ದು ಪ್ಯಾಂಟ್ರಿಗೆ ಹೋಗಿ, ಲೋಟ ತೊಳೆಯುತ್ತಿದ್ದ ಪಕೀರಬ್ಬನ ಪಕ್ಕ ನಿಂತು, ಇಂಗ್ಲಿಷಿನದನ್ನು ಕನ್ನಡಕ್ಕೆ ತಂದು ಓದಿ ಹೇಳಿದಳು: "ನಮ್ಮ ಚೀಲ ಹೊರುವ ಮೋನುವನ್ನು ಜ್ವರ ಬಂದವನ ಬದಲು ನಿಲ್ಲಿಸಿದೆವು. ನಾಲ್ಕನೆಯ ಕ್ಯಾಚಿನಲ್ಲಿ ಅವನ ಕಿರುಬೆರಳು ಮುರಿದಿತ್ತು. ಸಂಜೆ ಚೀಲ ಎತ್ತುವಾಗ ನೋಡಿದೆ. ಅಲ್ಲಿಯವರೆಗೆ ಅವನು ಉಸಿರೆತ್ತಲಿಲ್ಲ."

ಪಕೀರಬ್ಬ ನಲ್ಲಿ ನಿಲ್ಲಿಸಲಿಲ್ಲ. ಸೋಪು ಹತ್ತಿದ ಎಡಗೈಯ ಕಿರುಬೆರಳನ್ನು ಬಲಗೈಯಿಂದ ಹಿಡಿದು ಹೊರಕ್ಕೆ ಬಗ್ಗಿಸಿ ತೋರಿಸಿದರು. "ಹೀಗೆ ಸೊಟ್ಟ ಇತ್ತು ಅಜ್ಜನದ್ದು. ನಾನು ಸಣ್ಣವ ಇರುವಾಗ ಅದನ್ನೇ ಹಿಡ್ಕೊಂಡು ಮಸೀದಿಗೆ ಹೋಗ್ತಿದ್ದೆ. ಕೈ ಹಿಡಿಯುದಲ್ಲ, ಆ ಬೆರಳು." ಒಂದು ಲೋಟವನ್ನು ಮೂರು ಸಲ ತೊಳೆದರು. "ಮತ್ತೆ ಯುದ್ಧದ್ದು? ಅದು ಬರ್ದಿದ್ದಾರಾ?"

ಅದೂ ಇತ್ತು. 1916ರಲ್ಲಿ ಥಿಯೋಡೋರ್ ಸೈನ್ಯದ ಸರಬರಾಜು ವಿಭಾಗಕ್ಕೆ ಸೇರಿ ಬಸ್ರಾಕ್ಕೆ ಹೊರಟಾಗ ಮೋನುವೂ ಅಡುಗೆಯವನಾಗಿ ಹೊರಟಿದ್ದ. ಮರುವರ್ಷ ಟೈಗ್ರಿಸ್ ನದಿಯ ದಂಡೆಯಲ್ಲಿ ಥಿಯೋಡೋರರ ತೊಡೆಗೆ ಗುಂಡು ಬಿದ್ದಿತ್ತು. ಎರಡು ಮೈಲಿ ಕೆಸರಿನಲ್ಲಿ ಬೆನ್ನ ಮೇಲೆ ಹೊತ್ತು ತಂದವನು ಮೋನು. ಪದಕ ಬಂದದ್ದು ಥಿಯೋಡೋರರಿಗೆ. ಯುದ್ಧ ಮುಗಿದು ಅಂಗಡಿ ತೆರೆದಾಗ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತವನು ಮೋನು. ಅವನ ಮಗ ಬಹರೇನಿನಲ್ಲಿ ಈ ಮನೆತನಕ್ಕೇ ಅಡುಗೆ ಮಾಡಿದ್ದ. ಮಗನ ಮಗ ಪಕೀರಬ್ಬ 1981ರಿಂದ ಇಲ್ಲಿ ಚಹಾ ಮಾಡುತ್ತಿದ್ದರು.

"ನನಗೆ ಅಕ್ಟೋಬರಿಗೆ ಖಲಾಸ್ ಅಲ್ವಾ ಮೇಡಂ," ಎಂದರು ಪಕೀರಬ್ಬ ಕೈ ಒರೆಸಿಕೊಳ್ಳುತ್ತ. ವಯಸ್ಸಾಯಿತೆಂದು ಕಂಪನಿ ಅವರ ಕೆಲಸದ ಪರವಾನಗಿಯನ್ನು ಮತ್ತೆ ನವೀಕರಿಸುವುದಿಲ್ಲ ಎಂದಿತ್ತು. "ನಂಗೆ ಬೇರೆ ಎಂತ ಬೇಡ. ಆ ಗೋಡೆಯಲ್ಲಿ ಅಜ್ಜನ ಹೆಸರು ಒಂದು ಹಾಕ್ತೀರಾ? ದೊಡ್ಡದು ಬೇಡ. ಮೂಲೆಯಲ್ಲಾದ್ರೂ ಸಾಕು."

"ಮೂಲೇಲಿ ಯಾಕೆ ಪಕೀರಣ್ಣ? ಸರಿಯಾದ ಜಾಗದಲ್ಲೇ ಹಾಕ್ತೀನಿ. ಹಾಕದೆ ಇರ್ತೀನಾ?"

ಅಷ್ಟು ಸುಲಭವಾಗಿ ಆ ಮಾತು ಬಾಯಿಂದ ಬರಲು ಒಂದು ಕಾರಣವೂ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಹೇಮಲತಾ ಪ್ಯಾಂಟ್ರಿಯ ಬಾಗಿಲಲ್ಲಿ ನಿಂತು, ಮೊಟ್ಟೆ ಬೇಯಿಸುವ ಪಾತ್ರೆಯಲ್ಲೇ ಹಾಲು ಕಾಯಿಸುತ್ತೀರಾ ಎಂದು ಹಿಂಜರಿಯುತ್ತ ಕೇಳಿದ್ದಳು. ಮರುದಿನದಿಂದ ಅವಳ ಚಹಾಕ್ಕೆ ಶುಂಠಿ ಬಂತು, ಅಷ್ಟೇ. ಎಷ್ಟೋ ವರ್ಷದ ಮೇಲೆ, ಅವರು ರಜೆಗೆ ಊರಿಗೆ ಹೋಗಿದ್ದಾಗ, ಕಪಾಟಿನ ಹಿಂದೆ ಹಿಡಿಗೆ ಹಸಿರು ಟೇಪು ಸುತ್ತಿದ ಒಂದು ಸಣ್ಣ ಪಾತ್ರೆ ಅವಳ ಕಣ್ಣಿಗೆ ಬಿತ್ತು. ಒಳಗೊಂದು ಚೀಟಿ: 'ಹೇಮಲತಾ ಮೇಡಮಿಗೆ ಮಾತ್ರ.' ಅದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳೂ ನೋಡಿದೆ ಎಂದು ಹೇಳಲಿಲ್ಲ.

ಹೇಮಲತಾ ಮನಸ್ಸಿಟ್ಟು ಬರೆದಳು. ಮೊದಲ ಫಲಕದಲ್ಲಿ ಸ್ಕೋರು ಪುಟದ ದೊಡ್ಡ ಪ್ರತಿ, ಅದರ ಕೆಳಗೆ ಆರು ಕ್ಯಾಚು ಹಿಡಿದವನ ಹೆಸರು ಮತ್ತು ಮುರಿದ ಬೆರಳಿನ ಮಾತು. ಎರಡನೆಯದರಲ್ಲಿ ಕೆಸರಿನ ಎರಡು ಮೈಲಿ. ಮೂರನೆಯದರಲ್ಲಿ ಬಾಗಿಲ ಬಳಿಯ ಸ್ಟೂಲು. ಓದಿ ಮುಗಿಸಿದಾಗ ಆನ್ಸೆಲ್ಮರ ಕಣ್ಣು ಒದ್ದೆಯಾಗಿತ್ತು. ಕನ್ನಡಕ ತೆಗೆದು ಒರೆಸಿ, "ನಮ್ಮ ಪಪ್ಪ ಇದನ್ನೆಲ್ಲ ಒಂದು ದಿನ ಹೇಳ್ಲಿಲ್ಲ ನೋಡಿ," ಎಂದರು. ಆ ಒದ್ದೆ ಕಣ್ಣು ಸುಳ್ಳಾಗಿರಲಿಲ್ಲ. ಹೇಮಲತಾ ಮುಂದೆ ಎಷ್ಟು ಸಲ ಯೋಚಿಸಿದಾಗಲೂ ಅವಳಿಗೆ ಹಾಗೆಯೇ ಅನ್ನಿಸಿತು.

ವಾರ ಕಳೆದು ಒಳಗೆ ಕರೆದಾಗ ಅವರ ಮಗಳು ರೆಜಿನಾ ಕೂಡ ಅಲ್ಲಿದ್ದಳು. ಲಂಡನ್ನಿನಲ್ಲಿ ಓದಿ ಬಂದು ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದವಳು. ಕರಡಿನ ಮೇಲೆ ಕೆಂಪು ಗೆರೆಗಳಿದ್ದವು.

"ಬ್ಯೂಟಿಫುಲ್ ಬರ್ದಿದ್ದೀರಿ ಆಂಟಿ," ಎಂದಳು ರೆಜಿನಾ. "ಬಟ್ ಈ ಮೋನು ಪಾರ್ಟ್ ತೆಗೀಬೇಕು. ಪೂರಾ."

"ಅದು ನಿಜ ನಡೆದದ್ದು ರೆಜಿನಾ. ನಿಮ್ಮ ಮುತ್ತಜ್ಜನವರ ಕೈಬರಹದಲ್ಲೇ ಇದೆ."

"ನಿಜ ಅಂತಲೇ ಪ್ರಾಬ್ಲಂ. ಈಗ ಪ್ರಪಂಚದ ಪೇಪರಿನವರೆಲ್ಲ ಇಲ್ಲಿಗೆ ಬಂದು ವರ್ಕರ್ಸ್ ಹೇಗಿದ್ದಾರೆ, ಯಾವ ರೂಮಲ್ಲಿ ಮಲಗ್ತಾರೆ ಅಂತಲೇ ಕೇಳುದು. ಗೆಸ್ಟ್‌ಗಳ ಜೊತೆ ಯಾರು ಬರ್ತಾರೆ ಅಂತ ನಮಗೆ ಗೊತ್ತಿಲ್ಲ. ಒಬ್ಬ ಇದನ್ನು ಓದ್ತಾನೆ. ಓದಿ, ಆಮೇಲೆ ಆ ಮೋನು ಏನಾದ, ಅವನ ಫ್ಯಾಮಿಲಿ ಎಲ್ಲಿದೆ ಅಂತ ಕೇಳ್ತಾನೆ. ನಾವು ಎಂತ ಹೇಳುದು?" ಅವಳು ಗಾಜಿನ ಬಾಗಿಲಿನಾಚೆ ನೋಡಿದಳು. ಅಲ್ಲಿ ಪಕೀರಬ್ಬ ಚಿರಾಗನ ಮೇಜಿನ ಮೇಲೆ ಚಹಾ ಇಡುತ್ತಿದ್ದರು. "ಅಲ್ಲೇ ಉಂಟು, ನೂರು ವರ್ಷದಿಂದ ನಮಗೆ ಚಹಾ ಮಾಡ್ತಾ ಉಂಟು, ಅಂತ ಹೇಳುದಾ?"

ಹೇಮಲತಾ ಆನ್ಸೆಲ್ಮರನ್ನು ನೋಡಿದಳು. ಅವರು ಪೇಪರ್‌ವೇಟನ್ನು ನೋಡುತ್ತಿದ್ದರು.

"ಸರ್, ಮೋನು ಅನ್ನೋ ಹೆಸರಷ್ಟಾದರೂ ಇರಲಿ. ಸ್ಕೋರಿನ ಪಕ್ಕದಲ್ಲಿ. ಯಾರ ಮೊಮ್ಮಗ ಎಲ್ಲಿದ್ದಾರೆ ಅಂತೆಲ್ಲ ಬೇಡ."

"ಹೆಸರಿದ್ರೆ ಪ್ರಶ್ನೆ ಬರ್ತದೆ ಹೇಮಲತಾ. ಹೆಸರಿಲ್ಲದಿದ್ರೆ ಬರುದಿಲ್ಲ," ಎಂದರು ಆನ್ಸೆಲ್ಮ್. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಪಕೀರಬ್ಬನಿಗೆ ನಾನು ಒಳ್ಳೆ ವಾಚು ತರಿಸಿದ್ದೇನೆ. ಅವನನ್ನು ಹಾಗೇ ಕಳಿಸುದಿಲ್ಲ ನಾನು." ಆಮೇಲೆ, ಬೇರೆ ಏನೋ ನೆನಪಾದವರ ಹಾಗೆ, "ನಿಮ್ಮ ರಿನ್ಯೂವಲ್ ಡಿಸೆಂಬರಿಗೆ ಅಲ್ವಾ? ಫೈಲು ನನ್ನ ಹತ್ರವೇ ಉಂಟು. ನಿಮ್ಮ ಸ್ಪಂದನಾಳ ಕೋರ್ಸು ಮುಗಿಲಿಕ್ಕೆ ಇನ್ನು ಎರಡು ವರ್ಷವಾ?" ಎಂದು ಕೇಳಿದರು.

"ಎರಡೂವರೆ ಸರ್."

"ಹಾಂ. ಚೆಂದ ಓದ್ಲಿ. ಡಾಕ್ಟರಾಗ್ತಾಳೆ."

ಅದು ಬೆದರಿಕೆಯಾಗಿತ್ತೋ, ಮಗಳ ಮೇಲಿನ ನಿಜವಾದ ಕಾಳಜಿಯಾಗಿತ್ತೋ, ಹೇಮಲತಾಳಿಗೆ ಕೊನೆಗೂ ತಿಳಿಯಲಿಲ್ಲ. ಸ್ಪಂದನಾ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದಾಗ ಬೇಡವೆಂದರೂ ಪುಸ್ತಕಗಳನ್ನು ಕೊಡಿಸಿದ್ದವರು ಇದೇ ಆನ್ಸೆಲ್ಮ್. ಹೇಮಲತಾಳ ಗಂಡ ತೀರಿಹೋದಾಗ ವಿಮಾನ ನಿಲ್ದಾಣದವರೆಗೆ ತಾವೇ ಕಾರು ಓಡಿಸಿಕೊಂಡು ಬಂದಿದ್ದವರೂ ಅವರೇ. ಕೆಟ್ಟವರಾಗಿದ್ದರೆ ಎದುರು ಮಾತಾಡುವುದು ಸುಲಭವಾಗುತ್ತಿತ್ತು.

ಅಂತಿಮ ಪ್ರೂಫಿನ ಪ್ರತಿ ಹಾಳೆಯ ಕೆಳಗೂ 'ಪರಿಶೀಲಿಸಿದೆ, ಸರಿಯಿದೆ' ಎಂಬ ಸಾಲಿಗೆ ಬರಹ ಬರೆದವರು ಸಹಿ ಹಾಕಬೇಕಿತ್ತು. ಹೇಮಲತಾ ಮೂರು ಹಾಳೆಗೂ ಸಹಿ ಹಾಕಿದಳು. ಹೊಸ ಬರಹದಲ್ಲಿ ಗಾಯಗೊಂಡ ಥಿಯೋಡೋರ್ ಎರಡು ಮೈಲಿ ಕೆಸರನ್ನು 'ದಾಟಿ ಬಂದರು'. ಹೇಗೆ ದಾಟಿದರು ಎಂಬುದು ಇರಲಿಲ್ಲ. ಆ ವಾಕ್ಯವನ್ನು ತಿದ್ದಿದವಳು ಅವಳೇ. ತನ್ನ ಕೈಗೆ ಒಳ್ಳೆಯ ಗದ್ಯ ಬರುತ್ತದೆಂದು ಅವಳಿಗೆ ಮೊದಲ ಸಲ ಅಸಹ್ಯವಾಯಿತು.

ಅಕ್ಟೋಬರ್ ಹತ್ತಕ್ಕೆ ಪಕೀರಬ್ಬನ ಬೀಳ್ಕೊಡುಗೆ. ಆನ್ಸೆಲ್ಮ್ ಭಾಷಣ ಮಾಡಿ, ವಾಚು ಕಟ್ಟಿ, ತಬ್ಬಿಕೊಂಡರು. ಕೇಕು ಕತ್ತರಿಸಿದ್ದು ಪಕೀರಬ್ಬನೇ, ಎಲ್ಲರಿಗೂ ಹಂಚಿದ್ದೂ ಅವರೇ. ಕೂತುಕೊಳ್ಳಿ ಎಂದರೆ, "ಕೈ ಸುಮ್ನೆ ಕೂರುದಿಲ್ಲ ಮಾರಾಯ್ರೆ," ಎಂದರು. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯ ರೂಮಿನಿಂದ ತಂದಿದ್ದ ಎರಡು ಪೆಟ್ಟಿಗೆ ಲಿಫ್ಟಿನ ಬಳಿ ಹಗ್ಗ ಕಟ್ಟಿಸಿಕೊಂಡು ಕಾಯುತ್ತಿದ್ದವು. ಹೊರಡುವ ಮುಂಚೆ ಅವರು ಹೇಮಲತಾಳನ್ನು ಪ್ಯಾಂಟ್ರಿಗೆ ಕರೆದು, ಕಾಗದದಲ್ಲಿ ಸುತ್ತಿದ ಒಂದು ವಸ್ತುವನ್ನು ಕೈಗಿಟ್ಟರು. ಬಿಚ್ಚದೆಯೇ ಅವಳಿಗೆ ಟೇಪು ಸುತ್ತಿದ ಅದರ ಹಿಡಿ ತಿಳಿಯಿತು.

"ಹೊಸಬರಿಗೆ ಗೊತ್ತಾಗುದಿಲ್ಲ. ಎಲ್ಲದಕ್ಕೂ ಬಳಸ್ತಾರೆ. ಮನೆಗೆ ತಗೊಂಡು ಹೋಗಿ."

ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅಜ್ಜನ ಹೆಸರು..." ಎಂದರು ಪಕೀರಬ್ಬ.

"ಪ್ರಿಂಟಿಗೆ ಹೋಗಿದೆ ಪಕೀರಣ್ಣ," ಎಂದಳು ಹೇಮಲತಾ. ಗೋಡೆಯ ಫಲಕಗಳು ಪ್ರಿಂಟಿಗೆ ಹೋದದ್ದು ನಿಜವೇ ಆಗಿತ್ತು.

"ಅಲ್ಹಮ್ದುಲಿಲ್ಲಾ," ಎಂದು ಅವರು ಆ ಸೊಟ್ಟ ಬೆರಳಿನಷ್ಟೇ ಸಣ್ಣದಾಗಿ ನಕ್ಕರು.

ನವೆಂಬರಿನಲ್ಲಿ, ಪಂದ್ಯಗಳು ಶುರುವಾಗುವ ಎರಡು ದಿನ ಮೊದಲು, ಗೋಡೆಯ ಉದ್ಘಾಟನೆಯಾಯಿತು. ಫಲಕಗಳ ಮೇಲೆ ದಪ್ಪ ಅಕ್ರಿಲಿಕ್ ಹಾಳೆ, ಮೇಲಿಂದ ಬೀಳುವ ಹಳದಿ ದೀಪ. ಬೆಲ್ಜಿಯಮ್ಮಿನ ಒಬ್ಬ ವೃದ್ಧ ಅತಿಥಿ ಖರ್ಜೂರ ಚಪ್ಪರಿಸುತ್ತ ಸ್ಕೋರು ಪುಟವನ್ನು ಬಹಳ ಹೊತ್ತು ನೋಡಿ, ಈ ಆರನ್ನೂ ಹಿಡಿದವನು ಯಾರು ಎಂದು ಕೇಳಿಯೇಬಿಟ್ಟ. ರೆಜಿನಾ ತಡವರಿಸಲಿಲ್ಲ. "ಅದನ್ನು ಇತಿಹಾಸ ಮರೆತುಬಿಟ್ಟಿದೆ," ಎಂದಳು. ಅತಿಥಿಗೆ ಆ ಉತ್ತರ ಇಷ್ಟವಾಯಿತು, ತಲೆದೂಗಿದ. ಎರಡು ಮಾರು ದೂರದಲ್ಲಿ ಹಿಸ್ಟರಿ ಎಂ.ಎ. ಮಾಡಿದ ಹೇಮಲತಾ ಖರ್ಜೂರದ ತಟ್ಟೆ ಹಿಡಿದು ನಿಂತಿದ್ದಳು. ಪ್ಯಾಂಟ್ರಿಯಲ್ಲಿ ಈಗ ಗುಂಡಿ ಒತ್ತಿದರೆ ಕಾಫಿ ಬರುವ ಯಂತ್ರವಿತ್ತು.

ಪಕೀರಬ್ಬನ ಮೊದಲ ಧ್ವನಿ ಸಂದೇಶ ಬಂದದ್ದು ಮರುದಿನ. ಆಮೇಲೆ ಮೂರು ದಿನಕ್ಕೊಂದು. ಒಂದರಲ್ಲೂ ದೂರಿನ ದನಿಯಿರಲಿಲ್ಲ. "ಮೇಡಂ, ಸಲಾಂ. ನಿಮಗೆ ಪುರುಸೊತ್ತಿಲ್ಲ ಅಂತ ಗೊತ್ತುಂಟು. ಒಂದು ಫೋಟೋ ಹೊಡ್ದು ಕಳಿಸಿ, ಸಾಕು. ಇಲ್ಲಿ ಮೊಮ್ಮಕ್ಕಳು ನಾನು ರೈಲು ಬಿಡುದು ಅಂತ ನಗ್ತಾವೆ. ಫ್ರೇಮ್ ಹಾಕುವವನಿಗೂ ಹೇಳಿ ಇಟ್ಟಿದ್ದೇನೆ." ಹೇಮಲತಾ 'ಕ್ಷಮಿಸಿ ಪಕೀರಣ್ಣ' ಎಂದು ಟೈಪು ಮಾಡಿದಳು, ಅಳಿಸಿದಳು. ಮತ್ತೆ ಮಾಡಿದಳು. ಮತ್ತೆ ಅಳಿಸಿದಳು.

ಒಂದು ದಿನ ಸಂಜೆಗೆ ದೊಡ್ಡ ಪಂದ್ಯವಿತ್ತು. ಹನ್ನೆರಡಕ್ಕೇ ಆಫೀಸು ಖಾಲಿಯಾಯಿತು. ಚಿರಾಗ್ ಮುಖಕ್ಕೆ ಅರ್ಜೆಂಟೀನಾದ ಬಣ್ಣ ಬಳಿದುಕೊಂಡು, "ಯಲ್ಲಾ ಮ್ಯಾಮ್, ನೀವೂ ಹೊರಡಿ," ಎಂದು ಓಡಿದ. ಎರಡು ಗಂಟೆಗೆ ಅತಿಥಿಗಳನ್ನು ಕರೆತರುವುದಾಗಿ ರೆಜಿನಾ ಫೋನು ಮಾಡಿದ್ದಳು. ಅದಕ್ಕೇ ಹೇಮಲತಾ ಉಳಿದಿದ್ದಳು. ಒಂದೂವರೆಗೆ ಅವಳು ಎದ್ದು ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಕೆಳಗಿದ್ದ ಕಪ್ಪು ಮಾರ್ಕರನ್ನು ತಂದಳು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಅಕ್ರಿಲಿಕ್ಕಿನ ಮೇಲೆ, ಪ್ರತಿ 'ಸಬ್' ಪಕ್ಕದಲ್ಲೂ, ಇಂಗ್ಲಿಷಿನಲ್ಲಿ, ಅಚ್ಚಿನ ಅಕ್ಷರದ ಹಾಗೆ ನಿಧಾನವಾಗಿ 'ಮೋನು' ಎಂದು ಬರೆದಳು. ಮೂರನೆಯದು ಸ್ವಲ್ಪ ಓರೆಯಾಯಿತು; ಬೆರಳಿನಿಂದ ಒರೆಸಿ ಮತ್ತೆ ಬರೆದಳು. ಆರೂ ಆದ ಮೇಲೆ ಹಿಂದೆ ಸರಿದು ಫೋಟೋ ತೆಗೆದಳು. ದೂರದಿಂದ ಎಲ್ಲವೂ ಅಚ್ಚಾದದ್ದೇ ಎನ್ನುವಂತೆ ಕಾಣುತ್ತಿತ್ತು. ಕಳಿಸಿದಳು.

ಫೋಟೋದ ಕೆಳಗಿನ ಎರಡೂ ಗೆರೆ ಆಗಲೇ ನೀಲಿಯಾದವು.

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು. ಗಡಿಯಾರದಲ್ಲಿ ಎರಡಕ್ಕೆ ಇನ್ನೂ ಹತ್ತು ನಿಮಿಷ. ಹೇಮಲತಾ ಟಿಶ್ಯೂ ಎಳೆದುಕೊಳ್ಳುವಷ್ಟರಲ್ಲಿ ಫೋನು ಸದ್ದುಮಾಡಿತು, ಇನ್ನೊಂದು ಧ್ವನಿ ಸಂದೇಶ. ಒತ್ತಿ ಮೇಜಿನ ಮೇಲಿಟ್ಟಳು. ಉಳ್ಳಾಲದ ಮನೆ, ಮಕ್ಕಳ ಗಲಾಟೆ, ನಡುವೆ ಪಕೀರಬ್ಬನ ದನಿ: "ಮೇಡಮಿಗೆ ಕೇಳ್ಬೇಕು, ಕನ್ನಡದಲ್ಲಿ ಎಣಿಸು! ಜೋರು!"

"ಒಂದು," ಎಂದಿತು ಒಂದು ಹೆಣ್ಣುಮಗುವಿನ ದನಿ.

ಹೇಮಲತಾ ಮೊದಲನೆಯದನ್ನು ಒರೆಸಿದಳು.

"ಎರಡು. ಮೂರು."

"ನಾಲ್ಕು, ಇದು ಬೆರಳು ಮುರಿದದ್ದು," ಎಂದರು ಪಕೀರಬ್ಬ. "ನೋಡಿಟ್ಟುಕೋ."

ಲಿಫ್ಟು ಮೇಲೆ ಹೊರಟ ಸದ್ದು ಕೇಳಿಸಿತು. ಟಿಶ್ಯೂ ಕಪ್ಪಾಗಿ ಹರಿದುಹೋಯಿತು. ನಾಲ್ಕು ಹೋಯಿತು, ಐದು ಹೋಯಿತು.

"ಆರು!" ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. "ಆರು ಉಂಟು! ಅಜ್ಜ ಹೇಳಿದ್ದು ಸರಿ!"

ಆರನೆಯದು ಅಷ್ಟರಲ್ಲಿ ಒಣಗಿತ್ತು. ಹೇಮಲತಾ ಅದರ ಮೇಲೆ ಬಾಯಿಯ ಉಸಿರು ಬಿಟ್ಟು, ಚೂಡಿದಾರದ ವೇಲಿನ ತುದಿಯಿಂದ ಉಜ್ಜಿದಳು. ಮತ್ತೆ ಉಸಿರು ಬಿಟ್ಟು ಉಜ್ಜಿದಳು. ಲಿಫ್ಟಿನ ಬಾಗಿಲು ತೆರೆದಾಗ ಗೋಡೆ ಮೊದಲಿನ ಹಾಗೆಯೇ ಹೊಳೆಯುತ್ತಿತ್ತು. ಅವಳು ವೇಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ತಿಳಿಹಳದಿ ಬಟ್ಟೆಯ ಅಂಚಿನಲ್ಲಿ ಹೆಬ್ಬೆರಳಗಲದ ಕಪ್ಪು ಕಲೆಯಾಗಿತ್ತು.